ತೂಬಿನಮ್ಮನ ನಾಲಿಗೆ

ನಮ್ಮತ್ತೆ ನನ್ನ ಅಡುಗೆಯನ್ನು ಹನ್ನೊಂದು ವರ್ಷ ಒಂದು ದಿನವೂ ಹೊಗಳಲಿಲ್ಲ. ಮೊದಲ ತುತ್ತು ಬಾಯಿಗಿಟ್ಟು, ಕಣ್ಣು ಸಣ್ಣಗೆ ಮಾಡಿ, "ಉಪ್ಪು ಜಾಸ್ತಿ ಆಯ್ತು" ಎನ್ನುತ್ತಿದ್ದರು. ನಾನು ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ. ಎದುರಾಡುವ ಹಾಗಿರಲಿಲ್ಲ, ಏಕೆಂದರೆ ಉಪ್ಪಿನ ವಿಷಯದಲ್ಲಿ ಆ ನಾಲಿಗೆಯನ್ನು ಇಡೀ ಊರೇ ನಂಬಿಕೊಂಡಿತ್ತು.

ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ಚಾಪೆ ಹಾಸಿದ ಹಾಗೆ ಕಬ್ಬಿನ ಗದ್ದೆ. ಇಷ್ಟೇ ನಮ್ಮೂರು. ಅತ್ತೆಯ ಅಜ್ಜನ ಕಾಲಕ್ಕೆ ಇದು ಬರೀ ಏಡಿ ಓಡಾಡುವ ಕೆಸರು. ಆ ತಲೆಮಾರಿನವರು ಬುಟ್ಟಿಯಲ್ಲಿ ಮಣ್ಣು ಹೊತ್ತು ಒಡ್ಡು ಕಟ್ಟಿ, ನಾಲ್ಕು ಮಳೆಗಾಲ ನೆಲದ ಉಪ್ಪು ತೊಳೆದು ಹೋಗಲು ಬಿಟ್ಟು, ಐದನೆಯ ವರ್ಷ ಕಬ್ಬು ನೆಟ್ಟರಂತೆ. ಆಮೇಲೆ ಸಕ್ಕರೆ ಕಾರ್ಖಾನೆ ಬಂತು, ಕಬ್ಬು ಹೊರಲು ಪುಟ್ಟ ರೈಲು ಬಂತು, ನಾವು ಒಗೆದು ಹಾಕಿದ ಬಟ್ಟೆಯ ಮೇಲೆ ಚಿಮಣಿಯ ಮಸಿಯೂ ಬಂತು. ಈಗ ಕಾರ್ಖಾನೆಗೆ ಬೀಗ ಬಿದ್ದಿದೆ, ಹಳಿಗಳ ಮೇಲೆ ಹುಲ್ಲು ಬೆಳೆದಿದೆ. ಕಬ್ಬಿನ ಹಾಲು ಕುದಿಯುವ ವಾಸನೆ ಊರೆಲ್ಲ ಹಬ್ಬುತ್ತಿದ್ದ ದಿನಗಳು ನನಗೆ ಇವತ್ತಿಗೂ ನೆನಪಾಗುತ್ತವೆ. ಆಗ ಆ ಮಸಿಗೆ ಎಷ್ಟು ಶಾಪ ಹಾಕಿದ್ದೆನೋ, ದೇವರಿಗೇ ಗೊತ್ತು.

ಒಡ್ಡಿನಲ್ಲಿ ಒಂದು ತೂಬಿತ್ತು. ಮರದ ಬಾಗಿಲು, ಅದನ್ನೆತ್ತಲು ಕಬ್ಬಿಣದ ಚಕ್ರ. ಸಮುದ್ರ ಇಳಿದಾಗ ಹೊಳೆಯ ಸಿಹಿನೀರು ತೂಬಿನ ತನಕ ಬರುತ್ತಿತ್ತು, ಬಾಗಿಲೆತ್ತಿದರೆ ಗದ್ದೆಗೆ ಹರಿಯುತ್ತಿತ್ತು. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಮಾತ್ರ ಉಪ್ಪುನೀರು ಕಳ್ಳನ ಹಾಗೆ ನುಸುಳುತ್ತಿತ್ತು. ಅದು ಒಮ್ಮೆ ಗದ್ದೆಗೆ ಹೊಕ್ಕರೆ ಕಬ್ಬು ಸುಟ್ಟುಹೋಗುತ್ತದೆ, ನೆಲ ಮೂರು ವರ್ಷ ಮೇಲೇಳುವುದಿಲ್ಲ. ಅದಕ್ಕೇ ಬಾಗಿಲೆತ್ತುವ ಮುಂಚೆ ಯಾರಾದರೂ ನೀರಿನ ರುಚಿ ನೋಡಲೇಬೇಕಿತ್ತು. ಮೊದಲು ಅತ್ತೆಯ ಅಮ್ಮ ನೋಡುತ್ತಿದ್ದರು, ಆಮೇಲೆ ಅತ್ತೆ. ಊರಿಗೆಲ್ಲ ಅವರು ತೂಬಿನಮ್ಮ. ರುಚಿ ನೋಡುವ ದಿನ ಬೆಳಿಗ್ಗೆ ಚಹಾ ಕೂಡ ಮುಟ್ಟುತ್ತಿರಲಿಲ್ಲ.

ನಾನು ಮದುವೆಯಾಗಿ ಬಂದ ಹನ್ನೊಂದನೆಯ ವರ್ಷದ ಬೇಸಿಗೆಯಲ್ಲಿ ಅತ್ತೆ ಒಂದು ವಾರ ಜ್ವರ ಬಂದು ಮಲಗಿದರು. ಎದ್ದ ಮೂರನೆಯ ದಿನ, ನಾನು ಯಾವ ಗ್ಯಾನದಲ್ಲಿದ್ದೆನೋ, ಅಡುಗೆಗೆ ಉಪ್ಪು ಹಾಕುವುದನ್ನೇ ಮರೆತೆ. ನನ್ನ ಗಂಡ ತುತ್ತು ಬಾಯಿಗಿಟ್ಟು ಮುಖ ಸಿಂಡರಿಸಿದರು. ಅವರು ಏನಾದರೂ ಹೇಳುವಷ್ಟರಲ್ಲಿ ಅತ್ತೆ ಎಂದಿನಂತೆ ಕಣ್ಣು ಸಣ್ಣಗೆ ಮಾಡಿ ಹೇಳಿದರು:

"ಉಪ್ಪು ಜಾಸ್ತಿ ಆಯ್ತು."

ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ನಗು ಬರಲಿಲ್ಲ. ಜ್ವರ ಅವರ ನಾಲಿಗೆಯ ರುಚಿಯನ್ನೇ ಕೊಂಡುಹೋಗಿತ್ತು. ಮರುದಿನ ತೂಬು ಎತ್ತುವುದಿತ್ತು.

"ಊರವರಿಗೆ ಹೇಳ್ಬಿಡೋಣ್ವಾ?" ಗಂಡ ಅಡುಗೆಮನೆಗೆ ಬಂದು ಪಿಸುಗುಟ್ಟಿದರು.

"ಹೇಳಿದ್ರೆ ಅತ್ತೆ ಮತ್ತೆ ಹಾಸಿಗೆ ಹಿಡೀತಾರೆ. ನೀವು ಬಾಯಿ ಮುಚ್ಕೊಂಡಿರಿ, ನಾನು ನೋಡ್ಕೋತೀನಿ."

ಏನು ನೋಡಿಕೊಳ್ಳುವುದೋ ನನಗೂ ಗೊತ್ತಿರಲಿಲ್ಲ. ಬೆಳಿಗ್ಗೆ, "ಇನ್ನೂ ನಿಶ್ಶಕ್ತಿ ಇದೆ, ಕೈ ಹಿಡ್ಕೋತೀನಿ" ಎಂದು ನೆಪ ಹೇಳಿ ಅತ್ತೆಯ ಜೊತೆ ಹೊರಟೆ.

ಒಡ್ಡಿನ ಮೇಲೆ ಬೆಳೆಗಾರರೆಲ್ಲ ಸೇರಿದ್ದರು. ಹದಿನೈದು ದಿನದಿಂದ ನೀರಿಲ್ಲದೆ ಕಬ್ಬಿನ ಗರಿ ಸುರುಳಿ ಸುತ್ತಿತ್ತು. ಎಲ್ಲರೂ ಅವಸರದಣ್ಣ ಎಂದು ಕರೆಯುತ್ತಿದ್ದ ಬೆಳೆಗಾರ ಆಗಲೇ ಚಕ್ರಕ್ಕೆ ಕೈ ಹಾಕಿ ನಿಂತಿದ್ದ.

"ಬೇಗ ಹೇಳಿ ತೂಬಿನಮ್ಮ, ಸಮುದ್ರ ಮತ್ತೆ ಏರೋಕೆ ಮುಂಚೆ."

ಅತ್ತೆ ಬೊಗಸೆಯಲ್ಲಿ ನೀರೆತ್ತಿ ಬಾಯಿಗೆ ಹಾಕಿಕೊಂಡರು, ಉಗಿದರು. ಮತ್ತೆ ಹಾಕಿಕೊಂಡರು. ಮೇಲಿನ ನೀರನ್ನು ಯಾವತ್ತೂ ಎರಡನೆಯ ಸಲ ನೋಡಿದವರಲ್ಲ. ಆ ಗಟ್ಟಿ ಹೆಂಗಸು ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ, ನೋಡಲಾಗಲಿಲ್ಲ.

"ಅತ್ತೆ, ಹನ್ನೊಂದು ವರ್ಷ ಆಯ್ತು, ನಂಗೆ ಯಾವಾಗ ಕಲಿಸ್ತೀರಿ?" ಎಂದು ಜೋರಾಗಿಯೇ ಕೇಳಿದೆ. "ಇವತ್ತು ನಾನು ನೋಡ್ತೀನಿ. ತಪ್ಪಾದ್ರೆ ಎಲ್ಲರ ಎದುರೇ ಬೈಯಿರಿ."

ಅವರು ನನ್ನನ್ನೇ ನೋಡಿದರು. ನಾನು ಬಗ್ಗಿ ಬೊಗಸೆ ನೀರು ಬಾಯಿಗೆ ಹಾಕಿಕೊಂಡೆ. ಸಿಹಿ! ಖುಷಿಯಿಂದ ಬಾಯಿ ತೆರೆಯಬೇಕು, ಅಷ್ಟರಲ್ಲಿ ಅತ್ತೆ ನನ್ನ ಮಣಿಕಟ್ಟು ಹಿಡಿದರು.

"ತಡಿ. ಸಿಹಿನೀರು ಹಗುರ, ಮೇಲೆ ತೇಲುತ್ತೆ. ಬಾಗಿಲೆತ್ತಿದ್ರೆ ಮೊದಲು ನುಗ್ಗೋದು ತಳದ ನೀರು."

ಮನೆಯಿಂದ ತಂದಿದ್ದ ಚೆಂಬಿಗೆ ಕಲ್ಲು ಕಟ್ಟಿ, ಮೇಲಿನ ನೀರು ತುಂಬದ ಹಾಗೆ ಬಾಯಿ ಕೆಳಗೆ ಮಾಡಿ ಹಗ್ಗದಲ್ಲಿ ತಳದ ತನಕ ಇಳಿಸಿ, ಅಲ್ಲಿ ಜಗ್ಗಿ ತುಂಬಿಸಿ ಎಳೆದರು. ನಾನು ಕುಡಿದೆ. ನಾಲಿಗೆ ಚುರ್ರೆಂದಿತು.

"ಉಪ್ಪು ಜಾಸ್ತಿ ಆಯ್ತು" ಎಂದೆ.

"ಕೇಳಿಸ್ತಲ್ಲ?" ಅತ್ತೆ ಅವಸರದಣ್ಣನ ಕಡೆ ತಿರುಗಿದರು. "ಚಕ್ರದಿಂದ ಕೈ ತೆಗಿ."

ಮನೆಗೆ ಬರುವ ದಾರಿಯಲ್ಲಿ ಮೆಲ್ಲಗೆ ಕೇಳಿದರು, "ನಿಂಗೆ ಯಾವಾಗ ಗೊತ್ತಾಯ್ತು?"

"ನಿನ್ನೆ ಉಪ್ಪೇ ಹಾಕಿರಲಿಲ್ಲ ಅತ್ತೆ."

"ಅಯ್ಯೋ ನಿನ್ನ!" ಎಂದು ನಗಲು ಶುರುಮಾಡಿದವರು ನಗುತ್ತಲೇ ಅತ್ತುಬಿಟ್ಟರು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಆ ಚೆಂಬು, ಹಗ್ಗ ಎರಡನ್ನೂ ನನ್ನ ಕೈಗೆ ಕೊಟ್ಟರು.

ಐದನೆಯ ದಿನ ಮೇಲಿನ ಸೀಮೆಯಲ್ಲಿ ಮಳೆಯಾಗಿ ಹೊಳೆ ತುಂಬಿತು. ತಳದ ನೀರೂ ಸಿಹಿಯಾಗಿತ್ತು. ನಾನು ಹೇಳಿದೆ, ಬಾಗಿಲೆತ್ತಿದರು, ಆ ವರ್ಷದ ಕಬ್ಬು ಉಳಿಯಿತು.

ಅತ್ತೆ ಆಮೇಲೆ ನಾಲ್ಕು ವರ್ಷ ಇದ್ದರು. ನಾನು ಬಡಿಸಿದ್ದನ್ನು ತೆಪ್ಪಗೆ ಉಣ್ಣುತ್ತಿದ್ದರು. ಆ ಮೌನ ನನಗೆ ಸಹಿಸಲಾಗಲಿಲ್ಲ, ನಂಬುತ್ತೀರಾ? ಒಂದು ದಿನ ತಡೆಯಲಾರದೆ ಹೇಳಿಬಿಟ್ಟೆ.

"ಒಂದ್ಸಲ ಬೈಯಿರಿ ಅತ್ತೆ. ಸುಮ್ನೆ ಆದ್ರೂ ಬೈಯಿರಿ."

ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ. "ಊರಿನ ಗದ್ದೆನೆಲ್ಲ ನಿನ್ನ ನಾಲಿಗೆಗೆ ಒಪ್ಪಿಸಿದ್ದೀನಿ" ಎಂದರು. "ಇನ್ನು ನನ್ನ ಒಂದು ತುತ್ತಿಗೆ ನಿನ್ನ ಬೈಯ್ಲಾ? ಬಡಿಸು."