ಹಗ್ಗ ಕಂಡ್ಕಂಡ್ ಬತ್ತೆ

ನಾವುಂದದ ನಮ್ಮ ಪಕ್ಕದ ಮನೆಯ ದೋಣಿ ಅಜ್ಜನಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಗಾಳಿ ಎದ್ದರೆ ಸಾಕು, ದಡದಲ್ಲಿ ಕಟ್ಟಿದ ದೋಣಿಯದೇ ಚಿಂತೆ. “ಹಗ್ಗ ಕಂಡ್ಕಂಡ್ ಬತ್ತೆ” ಎಂದು ಅದನ್ನು ನೋಡಿಕೊಂಡು ಬರಲು ಹೊರಟೇಬಿಡುತ್ತಿದ್ದರು.

ಒತ್ತಿಕೊಂಡು ಬೆಚ್ಚಗೆ ಮಲಗುವುದಕ್ಕೆ ಇಂಗ್ಲಿಷಿನಲ್ಲಿ ‘ಸ್ನಗಲ್’ ಅಂತಾರಲ್ಲ, ಅದು ‘ಸ್ನಗ್’ನಿಂದ ಬಂದದ್ದು. ಬಿರುಗಾಳಿಗೆ ಮೊದಲೇ ಬಿಗಿಮಾಡಿಟ್ಟ ಹಡಗಿಗೆ ನಾವಿಕರು ‘ಸ್ನಗ್’ ಎನ್ನುತ್ತಿದ್ದರಂತೆ! ಒಂದು ಸಂಜೆ ಮೊಬೈಲಿನಲ್ಲಿ ಇದನ್ನು ಓದಿದವನೇ ಅಜ್ಜನಿಗೆ ಹೇಳಲು ಓಡಿದೆ.

ಹೊರಗೆ ಗಾಳಿ ಭೋರೆನ್ನುತ್ತಿತ್ತು. ಹೆದರಿದ ಮೊಮ್ಮಗಳು ಅಜ್ಜನ ಮಗ್ಗುಲಿಗೆ ಅಂಟಿಕೊಂಡಿದ್ದಳು. ಅಜ್ಜ ಏಳಹೊರಟರು. “ಹಗ್ಗ ಕಂಡ್ಕಂಡ್...”

ಅವಳು ಅವರ ಹೆಗಲ ಮೇಲಿನ ಬೈರಾಸಿನ ತುದಿಯನ್ನು ತನ್ನ ಕೈಗೆ ಸುತ್ತಿ ಗಂಟು ಹಾಕಿದಳು. “ಈ ಹಗ್ಗ ಕಾಣಿ, ಅಜ್ಜ. ಬಿಗಿ ಆಯ್ತಾ?”

ಅಜ್ಜ ಕೂತರು. ಮಂಡಿ ಮಾತ್ರ ಕುಣಿಯುತ್ತಲೇ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಕೂಗಿದರು:

“ಹ್ವಾಯ್, ಎಂತ ಕಾಂಬುದ್? ನೀ ಹೋಯಿ ದೋಣಿ ಹಗ್ಗ ಕಂಡ್ಕಂಡ್ ಬಾ!”