ಪಾರಣೆಯ ಬೆಳಗಿನ ಪರೀಕ್ಷೆ

ಒಂದು ಕಾಲದಲ್ಲಿ ನಾನು ಸೈಕಲ್ ರೇಸಿಗೆ ಹೋಗುತ್ತಿದ್ದೆ ಎಂದರೆ ಈಗ ನನ್ನನ್ನು ನೋಡಿದವರು ನಂಬುವುದಿಲ್ಲ. ನಂಬಿಸುವ ಹುಕಿಯೂ ನನಗಿಲ್ಲ. ಆದರೆ ಎರಡು ಸಾವಿರದ ಇಸವಿಯ ಆಚೀಚೆ ಮೂಡಲಗಿಯಿಂದ ಗೋಕಾಕಕ್ಕೆ ಬಸ್ಸಿನಲ್ಲಿ ಓಡಾಡುತ್ತಿದ್ದವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ನೋಡಿದ್ದಾರೆ. ಕೆಲವರು ಬೈದೂ ಇದ್ದಾರೆ. ಹುಡುಗಿಯೊಬ್ಬಳು ಚಡ್ಡಿ ಹಾಕಿಕೊಂಡು ಕಬ್ಬಿನ ಟ್ರ್ಯಾಕ್ಟರನ್ನು ದಾಟಿ ಹೋಗುವುದು ಅವರಿಗೆ ಸರಿಬರುತ್ತಿರಲಿಲ್ಲ.

ನಮಗೆ ಕಲಿಸುತ್ತಿದ್ದ ಸರ್ ಹುಕ್ಕೇರಿ ಕಡೆಯವರು. ಮೋಟಾರ್ ಸೈಕಲ್ ಮೇಲೆ ನಮ್ಮ ಬಾಜೂಕ್ಕೇ ಬರುತ್ತ, ಉಸಿರು ಬಿಡದೆ ಕೂಗುತ್ತಿದ್ದರು. ಆ ವರ್ಷ ರಾಷ್ಟ್ರೀಯ ಶಿಬಿರಕ್ಕೆ ನಮ್ಮಲ್ಲಿಂದ ಒಬ್ಬ ಹುಡುಗಿಯನ್ನು ಕಳಿಸುವ ಅವಕಾಶ ಬಂದಿತ್ತು. ಆ ಒಬ್ಬಳು ನಾನೋ, ಮೇಲವಂಕಿಯಿಂದ ಬರುತ್ತಿದ್ದ ನನ್ನ ಗೆಳತಿಯೋ ಎಂಬುದಷ್ಟೇ ಉಳಿದಿತ್ತು. ರಸ್ತೆಯ ಮೇಲೆ ಒಂದು ದಿನ ಅವಳು ಮುಂದೆ, ಇನ್ನೊಂದು ದಿನ ನಾನು. ಸರ್‌ಗೆ ತೀರ್ಮಾನ ಮಾಡಲಾಗದೆ ಬೆಳಗಾವಿಯಿಂದ ಒಬ್ಬ ಡಾಕ್ಟರನ್ನು ಕರೆಸಿದರು.

ಗೋಕಾಕದ ಒಂದು ಹಾಲ್‌ನಲ್ಲಿ ಡಾಕ್ಟರು ನಿಂತಲ್ಲೇ ತುಳಿಯುವ ಸೈಕಲ್ ಇಟ್ಟರು. ಸ್ವಲ್ಪ ಹೊತ್ತಿಗೊಮ್ಮೆ ಪೆಡಲಿನ ಭಾರ ಏರಿಸುವುದು, ಕಿವಿಯ ತುದಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದು ಅಂಗೈಯಗಲದ ಯಂತ್ರಕ್ಕೆ ಕೊಡುವುದು. ಕಷ್ಟಪಟ್ಟು ತುಳಿದಷ್ಟೂ ರಕ್ತದಲ್ಲಿ ಲ್ಯಾಕ್ಟೇಟ್ ಹುಟ್ಟುತ್ತದಂತೆ. ಪೆಡಲಿನ ಭಾರ ಒಂದು ಮಟ್ಟಕ್ಕೆ ಏರುವವರೆಗೆ ಮೈ ಅದನ್ನು ಸಂಭಾಳಿಸುತ್ತದೆ, ಅದರಾಚೆ ಸರ್ರನೆ ಏರಿಬಿಡುತ್ತದೆ. ಆ ಮಟ್ಟ ಎಷ್ಟು ಮೇಲಿದ್ದರೆ ಸವಾರ ಅಷ್ಟು ಗಟ್ಟಿ.

ಅವತ್ತು ನಮ್ಮ ಮನೆಯಲ್ಲಿ ಪಾರಣೆ, ಉಪವಾಸ ಬಿಡುವ ದಿನ. ನಾವು ಜೈನರು. ಭಾದ್ರಪದದ ಪರ್ವದ ದಿನಗಳಲ್ಲಿ ಅವ್ವನ ಜೊತೆ ನಾನೂ ಒಂದೇ ಹೊತ್ತು ಉಣ್ಣುತ್ತಿದ್ದೆ. ಕೊನೆಯ ದಿನ, ಅನಂತ ಚತುರ್ದಶಿಗೆ, ಪೂರ್ತಿ ಉಪವಾಸ. ಸೈಕಲ್ ಮಾತ್ರ ಬಿಟ್ಟಿರಲಿಲ್ಲ. ಮರುದಿನ ಹೊತ್ತು ಹುಟ್ಟಿದ ಮೇಲೆ ಒಂದು ಬಟ್ಟಲು ಗಂಜಿ ಕುಡಿದು ಉಪವಾಸ ಬಿಟ್ಟೆ, ಹಾಗೇ ಗೋಕಾಕದ ಬಸ್ ಹತ್ತಿದೆ. ಯಾರಿಗೂ ಹೇಳಲಿಲ್ಲ. ಉಪವಾಸ ಮಾಡಿದ್ದನ್ನು ಊರಿಗೆಲ್ಲ ಸಾರುವುದು ನಮ್ಮ ಮನೆಯಲ್ಲಿ ಕೀಳು ಅಭ್ಯಾಸ ಎನಿಸಿಕೊಳ್ಳುತ್ತಿತ್ತು.

ಗೆಳತಿಗಿಂತ ನನ್ನ ಮಟ್ಟ ಬಹಳ ಮೇಲೆ ಬಂತು. ಡಾಕ್ಟರು ಯಂತ್ರವನ್ನೊಮ್ಮೆ ಅಲ್ಲಾಡಿಸಿ ನೋಡಿದರು. ಸರ್ ಮುಖ ಅರಳಿತ್ತು.

"ಇಷ್ಟು ದಿನ ಎಲ್ಲಿ ಮುಚ್ಚಿಟ್ಟಿದ್ದೀ ಇದನ್ನ?" ಎಂದು ನನ್ನ ಬೆನ್ನು ತಟ್ಟಿದರು.

ನಾನು ನೆಲದ ಮೇಲಿರಲಿಲ್ಲ. ಶಿಬಿರಕ್ಕೆ ಹೋಗುವವಳು ನಾನೇ ಎಂದು ಮೂಡಲಗಿಯಲ್ಲಿ ಅಪ್ಪ ಚಹಾದಂಗಡಿಯವರಿಗೂ ಹೇಳಿಬಿಟ್ಟರು. ಉಪವಾಸ ಸಾರಬಾರದಿತ್ತು, ಇದಕ್ಕೆ ಅಡ್ಡಿಯಿರಲಿಲ್ಲ.

ಆಮೇಲೆ ಶುರುವಾಯಿತು ನೋಡಿ. ಆ ಸಂಖ್ಯೆಗೆ ತಕ್ಕ ವೇಗವನ್ನು ಸರ್ ಗೊತ್ತುಮಾಡಿದರು. ಆ ವೇಗದಲ್ಲಿ ಅರ್ಧ ದಾರಿ ಹೋಗುವಷ್ಟರಲ್ಲಿ ನನ್ನ ತೊಡೆಗಳು ಕಲ್ಲಾಗುತ್ತಿದ್ದವು. ಒಂದೆರಡು ಸಲ ರಸ್ತೆ ಪಕ್ಕ ಕೂತು ವಾಂತಿ ಮಾಡಿಕೊಂಡೆ.

"ಆಗವಲ್ದು ಸರ್," ಎಂದೆ.

"ಆಗತೈತಿ ಅಂತ ನಿನ್ನ ರಕ್ತನ ಹೇಳೈತಿ. ಆಗೂದಿಲ್ಲ ಅಂತ ನೀ ಹೇಳಾಕತ್ತಿ. ಯಾರನ್ನ ನಂಬಲಿ?" ಎಂದರು ಸರ್. ಮೈಗಳ್ಳಿ ಎಂಬ ಹೆಸರು ಅಲ್ಲಿಂದ ಅಂಟಿತು. ನನಗೆ ಸಿಟ್ಟು ಬರುತ್ತಿತ್ತು. ಆ ಸಿಟ್ಟಿನಲ್ಲೇ ಮತ್ತೂ ತುಳಿಯುತ್ತಿದ್ದೆ, ಮತ್ತೂ ಸೋಲುತ್ತಿದ್ದೆ.

ದೀಪಾವಳಿ ಕಳೆದ ಮೇಲೆ, ಹೆಸರು ಕಳಿಸುವ ಮುಂಚೆ, ಡಾಕ್ಟರು ಮತ್ತೆ ಬಂದರು. ಗೆಳತಿಯ ಮಟ್ಟ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು. ನನ್ನದು ಅವಳಿಗಿಂತ ತುಸು ಕೆಳಗೆ ಇಳಿದಿತ್ತು. ಸರ್ ಎಲ್ಲರ ಎದುರಿಗೇ, "ನೋಡ್ರಿ, ಮೈಗಳ್ಳತನ ರಕ್ತದಾಗೂ ಕಾಣತೈತಿ," ಎಂದರು. ನಾನು ಶೂ ಬಿಚ್ಚುವ ನೆಪದಲ್ಲಿ ತಲೆ ಬಗ್ಗಿಸಿದೆ.

ಡಾಕ್ಟರಿಗೆ ಮಾತ್ರ ಸಮಾಧಾನವಾಗಲಿಲ್ಲ. ನನ್ನ ಎದುರು ಸ್ಟೂಲ್ ಎಳೆದುಕೊಂಡು ಕೂತು, "ಹ್ವಾದ ಸಲ ಬರೂ ಮುಂದ, ಹಿಂದಿನ ದಿನ ಏನ ಉಂಡಿದ್ದಿಯವ್ವಾ?" ಎಂದು ಕೇಳಿದರು.

"ಏನಿಲ್ರಿ. ಉಪಾಸ ಇತ್ರಿ."

"ಅದರ ಹಿಂದಿನ ದಿನ?"

"ಒಂದ ಹೊತ್ತ ಊಟರಿ. ಪರ್ವ ಇತ್ತಲ್ರಿ."

ಡಾಕ್ಟರು ಹಣೆ ಒತ್ತಿಕೊಂಡರು. ಆಮೇಲೆ ಸರ್ ಕಡೆ ತಿರುಗಿ, "ಒಲಿಯೊಳಗ ಕಟ್ಟಿಗಿನ ಇಲ್ಲಂದ್ರ ಹೊಗಿ ಎಲ್ಲಿಂದ ಬರಬೇಕ್ರಿ? ಸ್ನಾಯುದಾಗಿನ ಸಕ್ಕರಿ ಖಾಲಿ ಆಗಿತ್ತು, ಅದಕ್ಕ ಲ್ಯಾಕ್ಟೇಟ್ ಕಡಿಮಿ ಬಂತು. ನಾವು ಅದನ್ನ ಶಕ್ತಿ ಅಂತ ತಿಳದ್ವಿ. ನಾ ಮೊದಲ ಕೇಳಬೇಕಿತ್ತು," ಎಂದರು. ಖಾತ್ರಿಗಾಗಿ, ಎರಡನೆಯ ಸಲದ ಮುಂಚೆ ಇದ್ದಂಥದೇ ಊಟ, ಅಷ್ಟೇ ವಿಶ್ರಾಂತಿ ಮಾಡಿಸಿ, ಒಂದು ವಾರ ಬಿಟ್ಟು ಮತ್ತೊಮ್ಮೆ ಕಿವಿ ಚುಚ್ಚಿದರು. ಎರಡನೆಯ ಸಲದ ಮಟ್ಟವೇ ಮತ್ತೆ ಬಂತು. ಹೊಟ್ಟೆ ತುಂಬ ಉಂಡು ಹೋದರೆ ಯಂತ್ರ ಮಾತು ಬದಲಿಸುತ್ತಿರಲಿಲ್ಲ.

ಶಿಬಿರಕ್ಕೆ ಗೆಳತಿಯ ಹೆಸರು ಹೋಯಿತು. ಆ ವಾರವೇ ಸರ್ ಮೂಡಲಗಿಗೆ ನಮ್ಮ ಮನೆಗೆ ಬಂದರು. "ಬರ್ರಿ ಸರ್, ಕುಂದರ್ರಿ," ಎಂದು ಅವ್ವ ಚಾಪೆ ಹಾಸಿದಳು. ಅವರು ಕೂರುವ ಮೊದಲೇ ಹೇಳಿದರು: "ನಿಮ್ಮ ಮಗಳು ಮೈಗಳ್ಳಿ ಅಲ್ರಿ ಅಕ್ಕಾರ. ಹಂಗ ಅಂದದ್ದು ನಂದ ತಪ್ಪು. ಆಕಿ ತನ್ನ ಶಕ್ತಿ ಪೂರಾ ಹಾಕಿದ್ಲು."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪ ನನ್ನನ್ನು ಹೆಮ್ಮೆಯಿಂದ ನೋಡಿದರು. ಆ ಮಾತನ್ನು ಸರ್ ಬಾಯಿಂದ ಕೇಳಬೇಕೆಂದು ನಾನು ಎಷ್ಟು ಹಂಬಲಿಸಿದ್ದೆನೋ, ಕೇಳಿದಾಗ ಅಷ್ಟೇ ಸಂಕಟವಾಯಿತು. ಮೈಗಳ್ಳಿ ಎಂದು ಬೈಯುತ್ತಿದ್ದಾಗ, ಮನಸ್ಸು ಮಾಡಿದರೆ ಇವಳು ಇನ್ನೂ ಮುಂದೆ ಹೋಗುತ್ತಾಳೆ ಎಂದು ಅವರು ನಂಬಿದ್ದರು. ಬೈಸಿಕೊಳ್ಳುತ್ತ ನಾನೂ ಅದನ್ನೇ ನಂಬಿದ್ದೆ. ಶಕ್ತಿ ಪೂರಾ ಹಾಕಿದ್ದು ಖರೆ. ಪೂರಾ ಹಾಕಿದರೂ ನಾನು ಅಷ್ಟೇ ಎಂದು ಅವತ್ತು ಚಹಾದ ಬಟ್ಟಲು ಹಿಡಿದು ನಿಂತಾಗ ನನಗೆ ಗೊತ್ತಾಯಿತು.