ಕಾಣಬಾರದ ಗುಡಿಸಲು

ಮುನವಳ್ಳಿಯಾಚೆ ಮಲಪ್ರಭೆಯ ಹಿನ್ನೀರು ಇಳಿದ ಮೇಲೆ ಆ ಹಸಿ ನೆಲದಲ್ಲಿ ಕಡಲೆ ಬಿತ್ತುತ್ತೇವೆ. ಹೋದ ಚಳಿಗಾಲದಲ್ಲಿ ಮೊಳಕೆ ಎದ್ದದ್ದೇ ತಡ, ಯಾವುದೋ ಬಂದು ಮೇದುಹೋಗತೊಡಗಿತು. ನೀರಿಗೆ ಬಂದಿಳಿದ ಹೆಬ್ಬಾತುಗಳ ಮೇಲೇ ನನಗೆ ಅನುಮಾನ. ಕವಣೆಗೆ ಕಲ್ಲು ಆರಿಸಿಟ್ಟುಕೊಂಡೆ.

ಅಷ್ಟರಲ್ಲಿ ಸವದತ್ತಿಯಿಂದ ಶಾಲೆಯ ಅಕ್ಕೋರು ಬಂದರು. ಅವರಿಗೆ ಹಕ್ಕಿಯ ಹುಚ್ಚು.

"ಮೊದಲ ಕುಂತು ನೋಡೂಣು ಅಜ್ಜಿ. ತಿಂದ್ರ ಆಮ್ಯಾಲೆ ಹೊಡೀರಿ. ಕಳ್ಳನ ಮಾರಿ ನೋಡದನ ಶಿಕ್ಷಾ ಕೊಡ್ತೀರೇನು?"

ಕೂರಲು ಒಂದು ಗುಡಿಸಲು ಬೇಕೆಂದರು. ಜೋಳದ ಕಣಿಕೆಯಿಂದ ನಾನೇ ಕಟ್ಟಿದೆ. ಅದನ್ನು ನೋಡಿ ಅವರು ಬಿದ್ದು ಬಿದ್ದು ನಕ್ಕರು.

"ಇಷ್ಟು ದೊಡ್ಡ ಬಾಗಿಲಾ, ಅದೂ ನೀರಿನ ಕಡೆ! ಮ್ಯಾಲೆ ಕೆಂಪು ಸೀರಿ ತುಂಡು ಬ್ಯಾರೆ! ಹಕ್ಕಿಗೆ ನಾವು ಕಾಣಬಾರದ್ರಿ!"

"ಕಾಣಲಾರದ್ದಕ್ಕ ಗುಡಿಸಲಾ ಯಾಕ ಬೇಕವಾ? ಕೌದಿ ಹೊದ್ದು ಮಕ್ಕೋರಿ."

ಹಕ್ಕಿ ನೋಡಿ ಹೆದರಲಿ ಎಂದು ಕಟ್ಟುವ ಗುಡಿಸಲು ಮಾತ್ರ ನನಗೆ ಗೊತ್ತಿತ್ತು. ಬಿಚ್ಚಿ, ತಿರುಗಿಸಿ ಕಟ್ಟಿದೆ. ಬಾಗಿಲು ಹಿಂದೆ, ಮುಂದೆ ಮುಷ್ಟಿಯಗಲದ ಎರಡು ಕಿಂಡಿ.

ಮರುದಿನ ಹೊತ್ತು ಮೂಡುವ ಮೊದಲೇ ಒಳಗೆ ಕೂತೆವು. ಬಳೆ ಸದ್ದಾಗದಂತೆ ಕೈಗೆ ಅರಿವೆ ಸುತ್ತಿಕೊಂಡಿದ್ದೆ. ಕವಣೆ ಮಡಿಲಲ್ಲಿತ್ತು.

ಮೊದಲು ಸಪ್ಪಳ ಬಂತು, ಓಣಿಯ ಹೆಂಗಸರೆಲ್ಲ ಒಟ್ಟಿಗೆ ಮೊರ ಹಿಡಿದು ಕೇರಿದ ಹಾಗೆ. ಆಮೇಲೆ ಇಳಿದವು. ಇಷ್ಟು ವರ್ಷ ನಾನು ಕಂಡದ್ದು ಹಾರಿಹೋಗುವ ಬೆನ್ನು. ಮುಖ ಅಂದೇ ನೋಡಿದ್ದು. ಬಿಳಿಯ ತಲೆ, ಅದರ ಹಿಂದೆ ಕಾಡಿಗೆಯ ಬೆರಳಿನಿಂದ ಎಳೆದಂತೆ ಎರಡು ಪಟ್ಟೆ. ಒಂದಂತೂ ಕಿಂಡಿಯೆದುರೇ ನಿಂತು ರೆಕ್ಕೆ ಕೊಡವಿತು; ಆ ಗಾಳಿ ನನ್ನ ಮುಖಕ್ಕೆ ಬಡಿಯಿತು.

"ಹಿಮಾಲಯ ದಾಟಿ ಬಂದಾವ್ರಿ," ಅಕ್ಕೋರು ಕಿವಿಯಲ್ಲಿ ಅಂದರು.

ನಾನು ಸವದತ್ತಿ ಗುಡ್ಡ ಹತ್ತುವಷ್ಟರಲ್ಲಿ ಮೂರು ಕಡೆ ಕೂರುತ್ತೇನೆ.

ಆಮೇಲೆ ಕಡಲೆಗೆ ಬಂದವು. ತಿಂದವು. ಸುಳ್ಳು ಯಾಕೆ ಹೇಳಲಿ, ಕುಡಿಯನ್ನು ಕತ್ತರಿಯಿಂದ ಕತ್ತರಿಸಿದಂತೆ ತಿಂದವು. ಅಕ್ಕೋರು ಹಕ್ಕಿ ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದರು. ನೀರಂಚಿನ ಎರಡು ಸಾಲು ಮುಗಿಯುವ ತನಕ ನಾನು ಅಲುಗಲಿಲ್ಲ. ಮೂರನೆಯದಕ್ಕೆ ಕೊಕ್ಕು ಇಟ್ಟಾಗ ಕವಣೆ ಅಲ್ಲೇ ಬಿಟ್ಟು ಎದ್ದು ಹೊರಗೆ ಬಂದೆ. ಕೂಗಲು ಬಾಯಿ ತೆರೆದೆ. ಎಲ್ಲ ಒಮ್ಮೆಲೇ ಎದ್ದವು. ಬಿಸಿಲೇ ಮರೆಯಾಯಿತು. ತೆರೆದ ಬಾಯಿ ತೆರೆದೇ ಉಳಿಯಿತು.

"ಈಗೇನ್ ಮಾಡ್ತೀರಿ ಅಜ್ಜಿ?" ಅಕ್ಕೋರ ದನಿ ಸಣ್ಣದಾಗಿತ್ತು.

"ಕಣಿಕಿ ಇನ್ನಾ ಉಳದೈತಿ. ಬರ್ರಿ, ಹಿಡೀರಿ."

ಮಧ್ಯಾಹ್ನದೊಳಗೆ ಮೂರನೆಯ ಸಾಲಿನ ಮೇಲೆ ಇನ್ನೊಂದು ಗುಡಿಸಲು ಕಟ್ಟಿದೆವು. ಬಾಗಿಲು ನೀರಿನ ಕಡೆ, ನೆತ್ತಿಯ ಮೇಲೆ ಅದೇ ಕೆಂಪು ತುಂಡು. ಅದರಾಚೆಯ ಎರಡು ಸಾಲು ಅವುಗಳದು. ಈಚೆ ಬಂದರೆ ಕಲ್ಲೇ.